ಕಿಲ್ಟಿಗೆ ಬಿದ್ದ ವ-ಒತ್ತು

ಇಂದ್ರೇಶನ ಶನಿವಾರ ಹಾಳಾದದ್ದು ಒಂದು ವ-ಒತ್ತಿನಿಂದ.

ಬೆಳಿಗ್ಗೆ ಮಾರ್ಸ್ಡನ್ ಪಾರ್ಕಿನ ತನ್ನ ಮನೆಯ ಮಹಡಿ ಇಳಿದು ಬಂದಾಗ ತಾಯಿ ಅನ್ನಪೂರ್ಣವ್ವ ನಡುಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಕೌದಿ ಹೊಲಿಯುತ್ತಿದ್ದರು. ಅದೇನೂ ವಿಶೇಷವಲ್ಲ. ಗದಗಿನಿಂದ ವಿಸಿಟರ್ ವೀಸಾದಲ್ಲಿ ಬಂದಾಗಿನಿಂದ ಅವರಿಗೆ ಅದೇ ಕೆಲಸ. ಅವ್ವ ಹೊಲಿದರೆ ತೂತು ಎಲ್ಲಿತ್ತೆಂದು ಬಟ್ಟೆಗೇ ಮರೆತುಹೋಗುತ್ತದೆ ಎಂದು ಇಂದ್ರೇಶ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ವಿಶೇಷವಿದ್ದದ್ದು ಕೌದಿಯ ನಟ್ಟನಡುವೆ ಹಾಸಿಕೊಂಡಿದ್ದ ಕೆಂಪು-ಹಸಿರು ಚೌಕಳಿಯ ಉಣ್ಣೆ ಬಟ್ಟೆಯಲ್ಲಿ.

"ಅವ್ವಾ, ಇದು ಕಿಲ್ಟ್ ಅಲ್ಲೇನು?"

"ಹೂಂ ಮತ್ತ. ಕಿಲ್ಟ. ಅದನ್ನ ಮಾಡಾಕತ್ತೀನಿ," ಎಂದು ಅನ್ನಪೂರ್ಣವ್ವ ಹಲ್ಲಿನಿಂದ ದಾರ ಕಡಿದರು. "ಮುಗೀತು ನೋಡು."

ಇಂದ್ರೇಶ ಸೋಫಾದ ಕೈ ಹಿಡಿದುಕೊಂಡ. ಅವನ ಮಗ ಅದ್ವಿಕ್ ಓದುತ್ತಿದ್ದದ್ದು ಗ್ಲೆನ್‌ಬೇನ್ ಎಂಬ ಹಳೆಯ ಸ್ಕಾಟಿಷ್ ಗಂಡುಮಕ್ಕಳ ಶಾಲೆಯಲ್ಲಿ. ಕೆಲವರು ಮನೆಯಿಂದ ಹೋಗಿಬರುತ್ತಾರೆ, ಕೆಲವರು ಅಲ್ಲೇ ಹಾಸ್ಟೆಲಿನಲ್ಲಿರುತ್ತಾರೆ. ಬ್ಯಾಂಡಿಗೆ ಸೇರಿದವರೆಲ್ಲ ನಿರಿಗೆಯ ಕಿಲ್ಟ್ ಉಟ್ಟು ಬ್ಯಾಗ್‌ಪೈಪ್, ಡ್ರಮ್ಮು ನುಡಿಸುತ್ತಾರೆ. ಇವತ್ತು ಮಧ್ಯಾಹ್ನ ವಾರ್ಷಿಕ ಪರೇಡ್. ಅದ್ವಿಕ್ ಮೊದಲ ಸಲ ಡ್ರಮ್ಮು ಹೊತ್ತು ನಡೆಯುವವನಿದ್ದ. ಕಿಲ್ಟ್ ಇಲ್ಲದವನಿಗೆ ಸಾಲಿನಲ್ಲಿ ಜಾಗವಿಲ್ಲ, ಇದು ಅಲ್ಲಿನ ಕಟ್ಟುನಿಟ್ಟು. "ಅಷ್ಟು ದೂರ ಕಳಿಸಿ ಗಂಡುಹುಡುಗನಿಗೆ ಲಂಗ ಹಾಕಿಸ್ತೀರಲ್ಲ" ಎಂದು ಚುಚ್ಚಿದ್ದ ಬೀದಿಯವರನ್ನೆಲ್ಲ, ಬಂದು ಕಣ್ಣಾರೆ ನೋಡಿ ಎಂದು ಇಂದ್ರೇಶನೇ ಹಟ ಹಿಡಿದು ಕರೆದಿದ್ದ.

"ಇದನ್ನ ಯಾರು ಕೊಟ್ಟರವ್ವಾ ನಿನಗ?"

"ಅದ್ವಿಕ್ ಕೊಟ್ಟ, ಮೊನ್ನೆ. ಇಂಗ್ಲಿಷ್‌ನ್ಯಾಗ ಏನೇನೋ ಅಂದ. ನನಗ ತಿಳಿದದ್ದು ಎರಡ ಮಾತು, ಸರ್ ಅಂತ, ಕಿಲ್ಟ ಅಂತ. ಸರ್ ಏನೋ ಕೇಳ್ಯಾರ ಅಂತ ಹೇಮಾನ ಹತ್ರ ಹೋದೆ."

ಕರಿಬೇವು ಕೇಳಲು ಬಂದು ಬಾಗಿಲಲ್ಲೇ ನಿಂತಿದ್ದ ಪಕ್ಕದ ಮನೆಯ ಹೇಮಲತಾ ಒಳಗೆ ಬಂದಳು. "ಆಂಟಿ ಕಿಲ್ಟ್ ಕಿಲ್ಟ್ ಅಂದ್ರು. ನಾನು ಪಾಪ, ಪ್ರೊನನ್ಸಿಯೇಶನ್ ಪ್ರಾಬ್ಲಮ್ ಅನ್ಕೊಂಡೆ. ಅದು ಕಿಲ್ಟ್ ಅಲ್ಲ ಆಂಟಿ, ಕ್ವಿಲ್ಟ್, ಹಂಗಂದ್ರೆ ಕೌದಿ ಅಂತ ಕರೆಕ್ಟ್ ಮಾಡ್ದೆ. ಸ್ಕೂಲ್ ಪ್ರಾಜೆಕ್ಟ್ ಇರ್ಬೇಕು ಅಂತಾನೂ ಹೇಳ್ದೆ."

ಎರಡು ದಿನ ನಾರ್ವೆಸ್ಟಿನ ಆಫೀಸಿನಲ್ಲಿ ಮುಳುಗಿಹೋಗಿದ್ದ ಇಂದ್ರೇಶನಿಗೆ ಮನೆಯಲ್ಲಿ ಒಂದು ವ-ಒತ್ತು ಇಷ್ಟು ದುಡಿದಿದೆಯೆಂದು ಗೊತ್ತೇ ಇರಲಿಲ್ಲ.

"ನಿರಿಗಿ ಬಿಚ್ಚಿದರ ಎಂಟು ಗಜ ಬಂತು ಅರಿವಿ," ಅನ್ನಪೂರ್ಣವ್ವ ಮುಂದುವರಿಸಿದರು. "ಆದರ ಒಂದು ಮಾತು ತಮ್ಮಾ. ಎಲ್ಲಾ ಕಡೆ ಹುಳಾ ತಿಂದಿತ್ತು. ನಿಮ್ಮ ಸಾಲಿಯವರು ಇಂಥಾದ್ದ ಕೊಡೂದೇನು?"

ಆಮ್ಲದಲ್ಲಿ ಅದ್ದಿದ ಲಿಟ್ಮಸ್ ಕಾಗದದ ಹಾಗೆ ಇಂದ್ರೇಶ ಕೆಂಪಾದ. ತಾಯಿಯ ಮೇಲೆ ಏರುತ್ತಿದ್ದ ಸಿಟ್ಟಿಗೆ ಒಮ್ಮೆಲೇ ಬೇರೆ ದಾರಿ ಸಿಕ್ಕಿತು. ಮಿಕ್ಕ ಮಕ್ಕಳಿಗೆ ಒಳ್ಳೆಯದು, ತನ್ನ ಮಗನಿಗೆ ಹುಳ ತಿಂದದ್ದು. ಹೆಸರು ನೋಡಿ ಕೊಟ್ಟರೋ, ಮುಖ ನೋಡಿ ಕೊಟ್ಟರೋ? ಮೆಲ್ಬರ್ನಿನ ತಂಗಿಯ ಮನೆಗೆ ಹೋಗಿದ್ದ ಹೆಂಡತಿ ಸಂಯುಕ್ತಾಳಿಗೆ ಫೋನ್ ಮಾಡಿದ.

"ತೂತಾ? ಸ್ಕೂಲ್ ಅಂಗಡೀಲಿ ನಾನೇ ನೋಡಿ ತಂದಿದ್ನಲ್ರೀ, ಹೊಚ್ಚಹೊಸದು," ಎಂದಳು ಅವಳು. "ಅದ್ವಿಕ್‌ನ ಒಂದ್ ಮಾತು ಕೇಳಿ."

"ರಿಹರ್ಸಲ್ ಅಂತ ನಿನ್ನೆಯಿಂದ ಹಾಸ್ಟೆಲ್‌ನಲ್ಲಿದಾನೆ. ಅಲ್ಲಿ ಹುಡುಗರ ಫೋನೆಲ್ಲ ಕಸ್ಕೊಂಡು ಇಟ್ಕೋತಾರೆ. ನೀನು ಸರಿಯಾಗಿ ನೋಡಿರಲ್ಲ ಬಿಡು," ಎಂದು ಇಂದ್ರೇಶ ಫೋನಿಟ್ಟ.

ನಿಂತಲ್ಲೇ ಪ್ರಿನ್ಸಿಪಾಲ್ ಮ್ಯಾಕಿನ್ನನ್ ಅವರಿಗೆ ಈಮೇಲ್ ಬರೆದ. 'ನನ್ನ ತಾಯಿ ನೆಲ ಒರೆಸಲೂ ಬಳಸದಂಥ ಚಿಂದಿ ಇದು. ಇದನ್ನು ಒಂದು ಮಗುವಿನ ಕೈಗೆ ಕೊಟ್ಟ ಮನುಷ್ಯನಿಗೆ ಮಾನ ಮರ್ಯಾದೆ ಇದೆಯೇ?' ಎರಡು ಸಲ ಓದಿ, 'ಮಾನ' ಎಂಬಲ್ಲಿ ಇನ್ನಷ್ಟು ಖಾರ ಹಾಕಿ, ಕಳಿಸಿಬಿಟ್ಟ. ಎದೆ ಹಗುರಾಯಿತು. ಆದರೆ ಮಗನ ಸೊಂಟಕ್ಕೆ ಏನು ಸುತ್ತುವುದು ಎಂಬ ಪ್ರಶ್ನೆ ಹಾಗೇ ಉಳಿದಿತ್ತು. ಶಾಲೆಯ ಬಟ್ಟೆ ಅಂಗಡಿಗೆ ಶನಿವಾರ ರಜೆ.

ಉತ್ತರ ಎದುರುಮನೆಯಿಂದ ನಡೆದು ಬಂತು. ದಾವಣಗೆರೆಯ ರುದ್ರಪ್ಪ, ಪರೇಡಿಗೆ ಎಷ್ಟೊತ್ತಿಗೆ ಹೊರಡುವುದೆಂದು ಕೇಳಲು ಬಂದವರು, ನಡೆದದ್ದನ್ನೆಲ್ಲ ಕೇಳಿಸಿಕೊಂಡು, ಕೌದಿಯನ್ನೂ ತಾವು ಉಟ್ಟಿದ್ದ ಲುಂಗಿಯನ್ನೂ ಹೋಲಿಸಿ ಹೋಲಿಸಿ ನೋಡಿದರು.

"ಅಲ್ರೀ ಇಂದ್ರೇಶ್, ಎಂಟು ಗಜ, ನಿರಿಗೆ ಅಂತ ಹೆದರ್ಸಿಬಿಟ್ರಿ. ಚೌಕಳಿ ಇದೇ ಅಲ್ವೇನ್ರಿ? ಇದೇ ಡಿಸೈನು ಹೊಸಾದು ಬೀರುನಲ್ಲಿ ಬಿದ್ದೈತೆ."

"ಅದು ಲುಂಗಿ, ಸರ್."

"ಅವರದೂ ಲುಂಗೀನೇ. ಮೊಣಕಾಲ್ತನಕ ಐತೆ, ಅಷ್ಟೇ."

ಸೀರೆ ನಿರಿಗೆ ಹಿಡಿಯುವವಳಿಗೆ ಇದೇನು ಮಹಾ ಎಂದು ಹೇಮಲತಾ ಸೇಫ್ಟಿಪಿನ್ನಿನ ಡಬ್ಬಿ ತಂದಳು. ಅಳತೆಗೆ ಹುಡುಗನಿಲ್ಲದ್ದರಿಂದ ಅಪ್ಪನನ್ನೇ ನಿಲ್ಲಿಸಿದರು. ಹೇಮಲತಾ ಹಿಂದೆ ನಿರಿಗೆ ಹಿಡಿದಳು, ರುದ್ರಪ್ಪ ಮುಂದೆ ನಿಂತು ಕಟ್ಟಡ ಏಳಿಸುವ ಮೇಸ್ತ್ರಿಯಂತೆ "ಎಡಕ್ಕೆ, ಎಡಕ್ಕೆ" ಎಂದರು, ಅನ್ನಪೂರ್ಣವ್ವ "ಹಿಂದ ಯಾಕ ನಿರಿಗಿ, ಮುಂದ ತಾ" ಎಂದು ಎಳೆದರು. ಪಿನ್ನು ಚುಚ್ಚಿದಾಗಲೆಲ್ಲ ಇಂದ್ರೇಶ ಶಾಲೆಯನ್ನು ಬೈದ. ಪಾರ್ಸೆಲ್ ಕೊಡಲು ಬಂದವನು ತೆರೆದ ಬಾಗಿಲಿಂದ ಹೆಬ್ಬೆರಳೆತ್ತಿ ತೋರಿಸಿ ಹೋದ.

ಪಿನ್ನು ಚುಚ್ಚಿದ ಲುಂಗಿಯನ್ನು ರುದ್ರಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡರು. ಎರಡು ಕಾರಿನಲ್ಲಿ ಹೊರಟರು. ಸರ್ ಕೇಳಿದ್ದಾರೆ, ಕೊಡಲೇಬೇಕು ಎಂದು ಅನ್ನಪೂರ್ಣವ್ವ ಕೌದಿಯನ್ನು ಮಡಿಲಲ್ಲಿಟ್ಟುಕೊಂಡರು. ಸಾಕ್ಷಿಗಿರಲಿ ಎಂದು ಇಂದ್ರೇಶನೂ ಬೇಡವೆನ್ನಲಿಲ್ಲ. ದಾರಿಯುದ್ದಕ್ಕೂ ಅವನು ಪ್ರಿನ್ಸಿಪಾಲರಿಗೆ ಹೇಳಬೇಕಾದ್ದನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಅಭ್ಯಾಸ ಮಾಡಿದ.

ಮೈದಾನದ ಅಂಚಿನಲ್ಲಿ ಅದ್ವಿಕ್ ನಿಂತಿದ್ದ. ಕೊರಳಲ್ಲಿ ಡ್ರಮ್ಮು. ಸೊಂಟದಲ್ಲಿ ಕಿಲ್ಟು, ಇಸ್ತ್ರಿ ಮುರಿಯದ ಹೊಚ್ಚಹೊಸ ಕಿಲ್ಟು.

"ಇದು ಎಲ್ಲಿಂದ ಬಂತೋ?" ಇಂದ್ರೇಶ ಅದರ ಅಂಚು ಹಿಡಿದು ನೋಡಿದ.

"ಬ್ಯಾಂಡ್ ರೂಮಲ್ಲೇ ಇರುತ್ತೆ, ಡ್ಯಾಡ್. ಆಲ್ವೇಸ್."

"ಮತ್ತೆ ಅಜ್ಜಿಗೆ ಕೊಟ್ಟಿದ್ದು?"

"ಅದು ಸರ್‌ದು. ಮಿಸ್ಟರ್ ಮ್ಯಾಕಿನ್ನನ್ಸ್. ಹಿಸ್ ಗ್ರ್ಯಾಂಡ್‌ಫಾದರ್ಸ್, ಆಕ್ಚುಲಿ. ಪೇರೆಂಟ್ಸ್ ಈವ್ನಿಂಗ್‌ನಲ್ಲಿ ನೀವೇ ಹೇಳಿದ್ರಲ್ಲ, ಅಜ್ಜಿ ಕ್ಯಾನ್ ಮೆಂಡ್ ಎನಿಥಿಂಗ್ ಅಂತ. ಸೋ ತೂತು ಹೊಲಿಸೋಕೆ ಕೊಟ್ರು."

ಇಂದ್ರೇಶನಿಗೆ ನೆನಪಾಯಿತು. ಕೈಯಲ್ಲಿ ಟೀ ಕಪ್ಪು ಹಿಡಿದು, ತೂತು ಎಲ್ಲಿತ್ತೆಂದು ಬಟ್ಟೆಗೇ ಮರೆತುಹೋಗುತ್ತದೆ ಎಂದು ತಾನೇ ಹೇಳಿದ್ದ.

ಅಷ್ಟರಲ್ಲಿ ಮ್ಯಾಕಿನ್ನನ್ ಬಂದೇಬಿಟ್ಟರು. ಮೇಲೆ ಬೆಳ್ಳಿ ಗುಂಡಿಯ ಕರಿ ಕೋಟು, ಕೆಳಗೆ ಆಟದ ಚಡ್ಡಿ.

"ನಿಮ್ಮನ್ನೇ ಕಾಯುತ್ತಿದ್ದೆ," ಎಂದು ಅವರು ಇಂಗ್ಲಿಷಿನಲ್ಲಿ ಹೇಳಿ ಎರಡೂ ಕೈಯಿಂದ ಇಂದ್ರೇಶನ ಕೈ ಕುಲುಕಿದರು. "ನನ್ನಜ್ಜ ಅದನ್ನುಟ್ಟುಕೊಂಡೇ ಈ ದೇಶಕ್ಕೆ ಹಡಗಿನಿಂದ ಇಳಿದದ್ದು. ಬೇರೆ ಯಾರ ಕೈಗೂ ಕೊಡಲು ಧೈರ್ಯವಾಗಿರಲಿಲ್ಲ. ಬೆಳಿಗ್ಗೆಯಿಂದ ಮೇಲ್ ನೋಡಲೂ ಪುರುಸೊತ್ತಿಲ್ಲ, ನೀವೇನಾದರೂ ಬರೆದಿದ್ದರೆ ಕ್ಷಮಿಸಿ."

ಅಭ್ಯಾಸ ಮಾಡಿದ್ದ ಇಂಗ್ಲಿಷನ್ನೆಲ್ಲ ನುಂಗಿಕೊಂಡು ಇಂದ್ರೇಶ ತಾಯಿಗೆ ಅಡ್ಡ ನಿಂತ. ಅನ್ನಪೂರ್ಣವ್ವ ಮುಂದೆ ಬಂದು ಕೌದಿಯನ್ನು ಹುಲ್ಲಿನ ಮೇಲೆ ಹರವಿದರು. ಸುತ್ತ ಹಳೇ ಇಳಕಲ್ ಸೀರೆಯ ಅಂಚು, ನಡುವೆ ಅಜ್ಜನ ಕಿಲ್ಟು, ಮೇಲೆಲ್ಲ ಇರುವೆ ಸಾಲಿನಂಥ ಹೊಲಿಗೆ.

ಮ್ಯಾಕಿನ್ನನ್ ಮಂಡಿಯೂರಿ ಅದರ ಮೇಲೆ ಕೈಯಾಡಿಸಿದರು.

"ಸರ್‌ಗೆ ಹೇಳೋ ತಮ್ಮಾ," ಎಂದರು ಅನ್ನಪೂರ್ಣವ್ವ ಹೆಮ್ಮೆಯಿಂದ, "ಹುಳಾ ತಿಂದ ತೂತು ಒಂದೂ ಬಿಡಲಾರದಂಗ ಮುಚ್ಚೀನಿ ಅಂತ."

ದೂರದಲ್ಲಿ ಬ್ಯಾಗ್‌ಪೈಪುಗಳು ನರಳತೊಡಗಿದವು. ಮೆರವಣಿಗೆಯ ಮುಂದೆ ಪ್ರಿನ್ಸಿಪಾಲರು ಕಿಲ್ಟ್ ಉಟ್ಟು ನಡೆಯಬೇಕು. ಅದೂ ಅಲ್ಲಿನ ಕಟ್ಟುನಿಟ್ಟೇ. ಆಗ ರುದ್ರಪ್ಪ ಕೆಮ್ಮಿ, ಪ್ಲಾಸ್ಟಿಕ್ ಚೀಲ ಮುಂದೆ ಚಾಚಿದರು. "ಸರ್, ಅರ್ಜೆಂಟ್ ಇದ್ರೆ ಇದು ಟ್ರೈ ಮಾಡಿ. ಸೇಮ್ ಪೀಸ್."

ಇಂದ್ರೇಶನ ಸೊಂಟಕ್ಕೆ ಹಿಡಿದಿದ್ದ ನಿರಿಗೆ ಮ್ಯಾಕಿನ್ನನ್ ಅವರ ಸುತ್ತಳತೆಗೆ ಸಾಲಲಿಲ್ಲ. ಇದ್ದಬದ್ದ ಪಿನ್ನನ್ನೆಲ್ಲ ಹೇಮಲತಾ ಎರಡೆರಡು ಬೆರಳ ಅಂತರಕ್ಕೆ ಸರಿಸಿದಳು. ಹೀಗೆ ಗ್ಲೆನ್‌ಬೇನ್ ಶಾಲೆಯ ಪ್ರಿನ್ಸಿಪಾಲರು ದಾವಣಗೆರೆಯ ಲುಂಗಿಯಲ್ಲಿ ಬ್ಯಾಂಡಿನ ಮುಂದೆ ನಡೆದರು. ಅವರ ಹಿಂದೆ ಅದ್ವಿಕ್ ಒಂದು ಪೆಟ್ಟೂ ತಪ್ಪದೆ ಡ್ರಮ್ಮು ಬಡಿದ. ಇಂದ್ರೇಶನಿಗೆ ಅದು ಕೇಳಿಸಲೇ ಇಲ್ಲ.

"ವಾಪಸ್ ಕೊಡ್ತಾರೆ ತಾನೆ?" ಎಂದು ರುದ್ರಪ್ಪ ಮೆಲ್ಲಗೆ ಕೇಳಿದರು.

ಇಂದ್ರೇಶನ ಕಣ್ಣು ಬೇರೆಡೆ ಇತ್ತು. ಪರೇಡ್ ಮುಗಿಸಿ ಮೈದಾನದ ಆಚೆ ತುದಿಯಲ್ಲಿ ನಿಂತ ಮ್ಯಾಕಿನ್ನನ್ ಕೋಟಿನ ಜೇಬಿನಿಂದ ಫೋನ್ ತೆಗೆದರು. ಕನ್ನಡಕ ಏರಿಸಿದರು. ಓದಿದರು. ಮತ್ತೆ ಮೊದಲಿಂದ ಓದಿದರು. ಆಮೇಲೆ ತಲೆಯೆತ್ತಿ ಜನರ ನಡುವೆ ಯಾರನ್ನೋ ಹುಡುಕಿದರು.

ಅದೇ ಹೊತ್ತಿಗೆ ಪಿನ್ನುಗಳು ಸೋತಿರಬೇಕು. ನಿರಿಗೆಯ ಜೊತೆ ಮೊಣಕಾಲಿಗೆ ಮಡಚಿದ್ದೂ ಬಿಚ್ಚಿಕೊಂಡು ಲುಂಗಿ ಪಾದದವರೆಗೆ ಇಳಿಯಿತು. ಮ್ಯಾಕಿನ್ನನ್ ಬಗ್ಗಿ, ಎರಡೂ ಕೈಯಿಂದ ಅದರ ಅಂಚು ಹಿಡಿದು ಮೊಣಕಾಲಿನ ಮೇಲಕ್ಕೆ ಎತ್ತಿಕೊಂಡು, ನೇರ ಇಂದ್ರೇಶನತ್ತ ದಾಪುಗಾಲು ಹಾಕಿದರು.

ಸ್ಕಾಟ್ಲೆಂಡಿನಲ್ಲಿ ಹಾಗೆ ಮಾಡಿದರೆ ಏನರ್ಥವೋ ಇಂದ್ರೇಶನಿಗೆ ಗೊತ್ತಿರಲಿಲ್ಲ. ಲುಂಗಿ ಎತ್ತಿ ಕಟ್ಟಿಕೊಂಡು ಬರುವ ಗಂಡಸಿನ ಎದುರು ಗದಗಿನಲ್ಲಿ ಏನು ಮಾಡುತ್ತಾರೆಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಅವನು ಅದನ್ನೇ ಮಾಡಿದ. ಹುಲ್ಲಿನ ಮೇಲಿದ್ದ ಕೌದಿಯನ್ನು ಎತ್ತಿ ತಲೆಯ ಮೇಲಿಂದ ಹೊದ್ದುಕೊಂಡು ಕಾರಿನತ್ತ ಓಡಿದ.