ಮಾಮಾನ ತಾಮ್ರದ ಮಡಿ

ನಮ್ಮ ಮಾಮಾನ ಮನೆಯಲ್ಲಿ ಎಲ್ಲರಿಗಿಂತ ಸುಖವಾಗಿ ಬಾಳುತ್ತಿರುವವರು ಯಾರು ಗೊತ್ತೇ? ಮಾಮಾ ಅಲ್ಲ. ಮಾಮಿಯಂತೂ ಅಲ್ಲವೇ ಅಲ್ಲ. ಅಲಮಾರಿಯಲ್ಲಿ ಮಲಗಿರುವ ಇನ್ನೂರು ಚಿಲ್ಲರೆ ತಾಮ್ರದ ನಾಣ್ಯಗಳು! ಅವಕ್ಕೆ ಬಿಸಿಲು ತಾಗಬಾರದು, ತಂಪು ಗಾಳಿ ತಾಗಬಾರದು, ಮನುಷ್ಯರ ಬೆರಳಂತೂ ಕನಸಿನಲ್ಲೂ ತಾಗಬಾರದು. ಇಷ್ಟು ಉಪಚಾರ ನನಗೆ ಬಾಣಂತಿತನದಲ್ಲೂ ಸಿಗಲಿಲ್ಲ.

ಮಾಮಾ ಎಂದರೆ ನನ್ನ ತಾಯಿಯ ಅಣ್ಣ. ಕಮಲಾಪುರದ ಶಾಲೆಯಲ್ಲಿ ಗಣಿತದ ಮಾಸ್ತರನಾಗಿದ್ದು, ದಿನಾ ಕಲಬುರಗಿಯಿಂದ ಬಸ್ಸಿನಲ್ಲಿ ಹೋಗಿ ಬಂದು, ಈಗ ನಿವೃತ್ತನಾದವನು. ಎಲ್ಲ ಸರಿಯಾಗಿಯೇ ಇತ್ತು. ಒಂದು ಸಂಜೆ ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಬದನೆಕಾಯಿ ಕೊಳ್ಳಲು ನಿಂತದ್ದೇ ತಪ್ಪಾಯಿತು! ಮಾರುವವಳ ತಕ್ಕಡಿಯ ಒಂದು ತಟ್ಟೆ ಹಗುರ. ಸರಿದೂಗಲೆಂದು ಆಕೆ ಅದರ ಅಡಿಗೆ ಹಳೆಯ ತಾಮ್ರದ ಬಿಲ್ಲೆಯೊಂದನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿದ್ದಳು. ಬಟ್ಟೆ ಹರಿದು ಬಿಲ್ಲೆ ಕಾಣುತ್ತಿತ್ತು, ಬಿಲ್ಲೆಯ ಮೇಲೆ ಫಾರಸಿ ಅಕ್ಷರ ಕಾಣುತ್ತಿತ್ತು. ಮಾಮಾ ಬದನೆಕಾಯಿ ಬಿಟ್ಟು ಬಿಲ್ಲೆ ಕೇಳಿದ.

“ಇದ ಕೊಟ್ರ ನನ್ನ ತಕ್ಕಡಿ ವಾಲ್ತದ್ರೀ ಮಾಸ್ತರ,” ಎಂದಳು ಆಕೆ.

ಗಣಿತದ ಮಾಸ್ತರನಿಗೆ ಇದೊಂದು ಲೆಕ್ಕವೇ? ಜೇಬಿನಲ್ಲಿದ್ದ ಚಿಲ್ಲರೆಯನ್ನು ಒಂದೊಂದಾಗಿ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ, ತಕ್ಕಡಿ ಸಮ ಮಾಡಿಕೊಡುವಷ್ಟರಲ್ಲಿ ಎರಡು ಬಸ್ಸು ಹೊರಟುಹೋದವು. ಮೂರನೆಯದರಲ್ಲಿ ಬಿಲ್ಲೆ ಮನೆಗೆ ಬಂತು. ಬದನೆಕಾಯಿ ಕಮಲಾಪುರದಲ್ಲೇ ಉಳಿಯಿತು.

ಸ್ಟೇಶನ್ ಬಜಾರದಲ್ಲಿ ಗಡಿಯಾರ ರಿಪೇರಿ ಮಾಡುವ ಚಾಚಾ ಒಬ್ಬರಿದ್ದಾರೆ, ಮಾಮಾನ ಹಳೆಯ ದೋಸ್ತ. ಅವರಿಗೆ ಫಾರಸಿ ಬರುತ್ತದೆ. ಮರುದಿನ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಿಲ್ಲೆಯನ್ನು ಅತ್ತಿತ್ತ ಹೊರಳಿಸಿ ಓದಿದರು. “ಅರೆ ಮಾಸ್ತರಸಾಬ್, ಯೆ ತೋ ಬಹಮನಿ ಹೈ! ನಮ್ಮ ನಿಮ್ಮ ಮುತ್ಯಾನ ಮುತ್ಯಾಗಿಂತ ಹಳೇದ್ರಿ ಇದು!” ಅಷ್ಟೇ. ಅಂದಿನಿಂದ ಮಾಮಾ ನಮ್ಮ ಕೈಗೆ ಸಿಕ್ಕಿಲ್ಲ.

ನಮ್ಮದು ವೈಷ್ಣವರ ಮನೆತನ. ಮಡಿ ನಮಗೆ ಹೊಸದಲ್ಲ. ಮಾಮಿ ಮಡಿಯಲ್ಲಿ ಅಡುಗೆಗೆ ನಿಂತರೆ ನಾವು ಗೋಡೆಗೆ ಬೆನ್ನು ಹಚ್ಚಿ ಸರಿದುಹೋಗಬೇಕು. ಆದರೆ ಆಕೆಯ ಮಡಿ ಮಧ್ಯಾಹ್ನದ ಎಲೆ ಎತ್ತುವವರೆಗೆ. ನಾಣ್ಯಗಳ ಮಡಿ ಹನ್ನೆರಡು ತಿಂಗಳು! ಮಾಮಾ ತನ್ನ ಹಳೆಯ ಧೋತರ ಹರಿದು ಒಂದೊಂದಕ್ಕೂ ಬೇರೆ ಬೇರೆ ಸಂಚಿ ಹೊಲಿಸಿದ್ದಾನೆ. ಅವನ್ನು ನೋಡಬೇಕೆಂದವರು ಕೈ ತೊಳೆದು, ಒರೆಸಿ, ಬಿಳಿ ಕೈಗವಸು ತೊಡಬೇಕು. ಹಿಡಿದರೆ ಅಂಚು ಮಾತ್ರ ಹಿಡಿಯಬೇಕು. ಉಸಿರಿನಲ್ಲಿ ತೇವ ಇರುತ್ತದಂತೆ, ಆದ್ದರಿಂದ ಉಸಿರನ್ನೂ ಆದಷ್ಟು ಕಡಿಮೆ ಬಿಡಬೇಕು! ಜಗತ್ತೆಲ್ಲ ಮಾಸ್ಕ್ ಹಾಕಿಕೊಂಡು ಒದ್ದಾಡಿದ ಆ ಕೆಟ್ಟ ದಿನಗಳಲ್ಲಿ ಕಲಬುರಗಿಯಲ್ಲಿ ಸಮಾಧಾನದಿಂದಿದ್ದ ಒಬ್ಬನೇ ಒಬ್ಬ ಮನುಷ್ಯ ನಮ್ಮ ಮಾಮಾ.

ತೇವ ಎಂದರೆ ಅವನಿಗೆ ಹಾವು ಕಂಡಂತೆ. ಬೇಸಿಗೆಯಲ್ಲಿ ನಮ್ಮೂರಿನ ಬಿಸಿಲು ಹೇಗಿರುತ್ತದೆಂದು ನಾನು ಹೇಳಬೇಕೇ? ನೀರಿನ ಕೂಲರ್ ಇಲ್ಲದ ಮನೆಯಲ್ಲಿ ಜೀವ ನಿಲ್ಲುವುದಿಲ್ಲ. ಆದರೆ ಕೂಲರಿನ ಗಾಳಿಯಲ್ಲಿ ತೇವ! ಆದ್ದರಿಂದ ಅಲಮಾರಿ ಇರುವ ಕೋಣೆಗೆ ಕೂಲರ್ ನಿಷಿದ್ಧ. ಅಲಮಾರಿ ಇರುವುದೆಲ್ಲಿ? ಗಂಡ ಹೆಂಡತಿ ಮಲಗುವ ಕೋಣೆಯಲ್ಲಿ! ಮೇ ತಿಂಗಳು ಪೂರ್ತಿ ನಾಣ್ಯಗಳು ಒಣಗಿ ಗರಿಗರಿಯಾಗಿರುತ್ತವೆ, ಇವರಿಬ್ಬರು ತೊಯ್ದು ತೊಪ್ಪೆಯಾಗಿರುತ್ತಾರೆ. ಆ ಅಲಮಾರಿಯಲ್ಲಿದ್ದ ಮಾಮಿಯ ಸೀರೆಗಳು ಎಂದೋ ಟ್ರಂಕಿಗೆ ವರ್ಗವಾದವು.

ಒಮ್ಮೆ ನನ್ನ ಸ್ಕೂಟಿ ಮೇಲೆ ಕುಳಿತು ಜಗತ್ ಸರ್ಕಲ್ಲಿನ ಬೂಟಿನಂಗಡಿಗೆ ಹೊರಟ. ಪರವಾಗಿಲ್ಲ, ಮಾಮಾ ತನಗಾಗಿ ಏನಾದರೂ ಕೊಳ್ಳುತ್ತಿದ್ದಾನಲ್ಲ ಎಂದು ನನಗೆ ಖುಷಿ. ಅಂಗಡಿಯವನು ಹತ್ತು ಡಬ್ಬಿ ತೆರೆದು ತೋರಿಸಿದ. ಮಾಮಾ ಪ್ರತಿ ಡಬ್ಬಿಯಿಂದ ತೇವ ಹೀರುವ ಆ ಪುಟ್ಟ ಪೊಟ್ಟಣ ತೆಗೆದು ಪಕ್ಕಕ್ಕಿಟ್ಟುಕೊಂಡ.

“ಸೈಜು ಎಷ್ಟು ಬೇಕ್ರಿ?”

“ಬೂಟು ನಿಮಗೇ ಇರ್ಲಿ. ಈ ಪುಡಿ ಕೊಡ್ರಿ.”

ಅಂಗಡಿಯವನು ನನ್ನ ಮುಖ ನೋಡಿದ. ನಾನು ಫ್ಯಾನು ನೋಡಿದೆ. ಆಮೇಲೆ ಎರಡು ವರ್ಷ ನಾನು ಚಪ್ಪಲಿ ಕೊಳ್ಳಲು ಆ ಕಡೆ ಹಾಯಲಿಲ್ಲ.

ಇದೆಲ್ಲ ನಗುವ ಮಾತಾಯಿತು. ಆದರೆ ಒಂದು ವಿಷಯದಲ್ಲಿ ಮಾತ್ರ ಮಾಮಾನೊಂದಿಗೆ ನಗುವಂತಿರಲಿಲ್ಲ. ಮಹಾಗಾಂವದ ಒಬ್ಬ ಒಕ್ಕಲಿಗ, ಪಾಪ, ತನ್ನ ಅಜ್ಜಿಯ ಗಂಟಿನಲ್ಲಿದ್ದ ತಾಮ್ರದ ನಾಣ್ಯವನ್ನು ಮಾಸ್ತರರಿಗೇ ಕೊಡಬೇಕೆಂದು ಬಸ್ಸು ಹತ್ತಿ ತಂದಿದ್ದ. ತರುವ ಮೊದಲು ಕಲ್ಲಿಗೆ ಉಜ್ಜಿದ್ದ. “ಒಳಗ ಬಂಗಾರ ಅದ ಏನಂತ ನೋಡ್ದೆ ರೀ!” ಮಾಮಾ ಆ ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ಕೂತವನು ಆ ದಿನ ಊಟಕ್ಕೆ ಏಳಲಿಲ್ಲ. ಮಾಮಿ ಕೇಳಿದರೆ “ಹೊಟ್ಟಿ ನೋವು” ಎಂದ. ಆಕೆ ಶುಂಠಿ ಕಷಾಯ ಮಾಡಿಕೊಟ್ಟಳು.

ಊಟ ಬಿಟ್ಟ ಕಾರಣ ನನಗೆ ಮಾತ್ರ ಹೇಳಿದ. “ತಂಗೀ, ತಾಮ್ರದ ಮ್ಯಾಲೆ ಆ ಹಸಿರು, ಕಂದು ಬಣ್ಣ ಇರ್ತದಲ್ಲಾ, ಅದು ಹೊಲಸಲ್ಲ. ಅದು ಅದರ ಚರ್ಮ. ನೂರಾರು ವರ್ಷ ಕೂತು ಬೆಳದದ್ದು. ತಿಕ್ಕಿದ್ರ ನಾಣ್ಯ ಸತ್ತಂಗ.” ಈ ಉಪನ್ಯಾಸವನ್ನು ಅವನು ಹಾಲಿನವನಿಗೆ ಮಾಡಿದ್ದಾನೆ, ಮೀಟರ್ ಓದಲು ಬಂದವನಿಗೆ ಮಾಡಿದ್ದಾನೆ, ನನ್ನ ಗಂಡನಿಗಂತೂ ಮದುವೆಯ ಮರುದಿನವೇ ಮಾಡಿದ್ದಾನೆ. ಪ್ರತಿ ಉಪನ್ಯಾಸಕ್ಕೂ ಮಾಮಿ ಒಳಗೆ ಚಹಾ ಮಾಡುತ್ತಿದ್ದಳು.

ಹೀಗಿರುವಾಗ ಈ ವರ್ಷ ಊರಲ್ಲೊಂದು ನಾಣ್ಯಪ್ರದರ್ಶನ ಏರ್ಪಾಟಾಯಿತು. ಮಾಮಾನಿಗೂ ಒಂದು ಮೇಜು! ಅದಕ್ಕಿಂತ ದೊಡ್ಡ ಸುದ್ದಿ, ಹೈದರಾಬಾದಿನಿಂದ ನಾಣ್ಯ ಬಲ್ಲ ಹಿರಿಯರೊಬ್ಬರು ಬರುವವರಿದ್ದರು. ಅವರು ದಖನ್ನಿನ ತಾಮ್ರದ ನಾಣ್ಯಗಳ ದೊಡ್ಡ ಪುಸ್ತಕವೊಂದನ್ನು ತಯಾರಿಸುತ್ತಿದ್ದರು. ತಕ್ಕಡಿಯಡಿಯ ಆ ಮೊದಲ ಬಿಲ್ಲೆಯಂಥದ್ದು ಚಾಚಾ ಬೇರೆಲ್ಲೂ ಕಂಡಿರಲಿಲ್ಲ. ಹಿರಿಯರು ಕಣ್ಣಾರೆ ನೋಡಿ ಒಪ್ಪಿದರೆ ಪುಸ್ತಕದಲ್ಲಿ ಅದರ ಚಿತ್ರ, ಕೆಳಗೆ ಮಾಮಾನ ಹೆಸರು! ಮೂವತ್ತು ವರ್ಷ ನೆಂಟರಿಷ್ಟರೆಲ್ಲ ಹುಚ್ಚ ಎಂದು ನಕ್ಕ ಮನುಷ್ಯನಿಗೆ ಇನ್ನೇನು ಬೇಕು? ಅವನು ಹದಿನೈದು ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ.

ಪ್ರದರ್ಶನದ ಹಿಂದಿನ ದಿನ ಮುಂಜಾನೆ ನಾಣ್ಯಗಳನ್ನೆಲ್ಲ ಸಂಚಿಯಿಂದ ತೆಗೆದು ಪಡಸಾಲೆಯ ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟ. ಬರುವ ಹಿರಿಯರಿಗೆ ಕಮಲಾಪುರದ ಕೆಂಪು ಬಾಳೆಹಣ್ಣು ಕೊಡಬೇಕೆಂದು ಅವನ ಹಟ. ನನ್ನ ಸ್ಕೂಟಿ ಹತ್ತುವ ಮೊದಲು ಮಾಮಿಗೆ ಹೇಳಿದ, “ಏ, ಲಕ್ಷ ಇರ್ಲಿ. ಯಾರಿಗೂ ಮುಟ್ಟಗೊಡಬ್ಯಾಡ.”

ಹಣ್ಣು ತೆಗೆದುಕೊಂಡು ನಾವು ಮಧ್ಯಾಹ್ನ ಬಂದು ನೋಡುತ್ತೇವೆ, ಮೇಜು ಖಾಲಿ! ಹಿತ್ತಲಿನಲ್ಲಿ ಹಳೆಯ ಸೀರೆ ಹಾಸಿದೆ. ಅದರ ಮೇಲೆ ದೇವರ ತಂಬಿಗೆ, ಪಂಚಪಾತ್ರೆ, ಅವುಗಳ ಪಕ್ಕದಲ್ಲಿ ಇನ್ನೂರು ಚಿಲ್ಲರೆ ನಾಣ್ಯಗಳು. ಎಲ್ಲವೂ ಥಳಥಳ! ಹಬ್ಬದ ಮುನ್ನಾದಿನ ತಾಮ್ರದ ಪಾತ್ರೆಗಳನ್ನು ಹೇಗೆ ತಿಕ್ಕುತ್ತಾರೋ ಹಾಗೆ ತಿಕ್ಕಿಸಿಕೊಂಡು ಬಿಸಿಲಿಗೆ ಹೊಳೆಯುತ್ತಿದ್ದವು.

ಮಾಮಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಎದ್ದಳು. “ಯಾರಿಗೂ ಮುಟ್ಟಗೊಟ್ಟಿಲ್ಲ ನೋಡ್ರಿ! ಎಲ್ಲಾ ನಾನೊಬ್ಬಾಕಿನೇ ತಿಕ್ಕೀನಿ. ಹುಣಸಿಹಣ್ಣು, ಉಪ್ಪು ಹಚ್ಚಿ ತಿಕ್ಕಿದ್ರೂ ಬಿಡವಲ್ದು, ಏನ್ ಕಿಲುಬು ರೀ ಅದು! ನಾಳಿಗಿ ದೊಡ್ಡ ಮಂದಿ ನೋಡಾವ್ರು, ಇವರ ಮನ್ಯಾಗ ಹೆಣ್ಮಗಳು ಅದಾಳೋ ಇಲ್ಲೋ ಅನಬಾರದಲ್ಲಾ? ಮುಂಜಾನಿಂದ ಒಂದ ಗುಟುಕ ನೀರ ಸೈತ ಕುಡದಿಲ್ಲ.”

ನಾನು ಮಾಮಾನ ಮುಖ ನೋಡಲಾರದೆ ಬಾಳೆಹಣ್ಣು ನೋಡುತ್ತ ನಿಂತೆ. ಇನ್ನೇನು ಮನೆ ಹಾರಿಹೋಗುತ್ತದೆ ಎಂದುಕೊಂಡೆ. ಮಾಮಾ ಬಾಗಿಲ ಚೌಕಟ್ಟು ಹಿಡಿದುಕೊಂಡ.

“ಛಲೋ ಹೊಳಿಯಾಕತ್ತಾವ,” ಎಂದ. “ನೀ ಮೊದಲ ಊಟ ಮಾಡು.”

ಮಾಮಿ ಒಳಗೆ ಹೋದಳು. ನನಗೆ ತಡೆಯಲಾಗಲಿಲ್ಲ. “ಮಾಮಾ, ನಾಳೆ ಹೋಗೋದೇ ಬ್ಯಾಡ. ಆಕಿಗೆ ಖರೇ ಹೇಳಿಬಿಡೋಣು.”

“ಊರಿಗೆಲ್ಲಾ ಹೇಳೀನಿ ತಂಗೀ. ಆಕಿನ್ನ ಒಂದ ದಿನಾ ಮುಂದ ಕೂಡಿಸಿಕೊಂಡು ಹೇಳಿಲ್ಲ. ತಪ್ಪು ಯಾರದು?” ಎಂದವನು ಟ್ರಂಕಿನ ಕಡೆ ಕೈ ಮಾಡಿದ. “ಅಕಾ ಅಲ್ಲಿ ನೋಡು, ನಾಳಿಗಂತ ಇಳಕಲ್ ಸೀರಿ ತಗದಿಟ್ಟಾಳ. ಹೋಗಬೇಕು.”

ಹೋದೆವು. ಮಾಮಿ ಇಳಕಲ್ ಸೀರೆಯುಟ್ಟು ಮೇಜಿನ ಹಿಂದೆ ಕುಳಿತಳು. ಸಭಾಂಗಣದಲ್ಲಿ ನಮ್ಮಷ್ಟು ಹೊಳೆಯುವ ಮೇಜು ಇನ್ನೊಂದಿರಲಿಲ್ಲ! ಅಕ್ಕಪಕ್ಕದ ಮೇಜಿನವರು ಬಂದು ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋಗುತ್ತಿದ್ದರು. ಮಾಮಿ ಎಲ್ಲರಿಗೂ ನಕ್ಕು ಕೈಮುಗಿದಳು. ಚಾಚಾ ಬಂದವರು ಬಾಯಿ ತೆರೆದರು. ಮಾಮಾ ಕಣ್ಣಿನಲ್ಲೇ ಬೇಡ ಎಂದ. ಅವರು ಹಾಗೇ ಮುಚ್ಚಿಕೊಂಡರು.

ಹೈದರಾಬಾದಿನ ಹಿರಿಯರು ಬಂದು ನೇರ ಆ ಬಿಲ್ಲೆಗೇ ಕೈ ಹಾಕಿದರು. ತಿರುಗಿಸಿದರು, ಕನ್ನಡಕ ತೆಗೆದು ನೋಡಿದರು. “ಇದು ನಾನು ಹುಡುಕುತ್ತಿದ್ದದ್ದೇ ಇರಬಹುದಾಗಿತ್ತು. ಈಗ ಹೇಗೆ ಹೇಳಲಿ? ಇದನ್ನು ತಿಕ್ಕಿದವರು ಯಾರು?”

ಹೊಗಳಿಕೆ ಬಂತೆಂದು ಮಾಮಿ ನಗುತ್ತ ಎದ್ದು ನಿಂತಳು. ಆಕೆ ಬಾಯಿ ತೆರೆಯುವಷ್ಟರಲ್ಲಿ ಮಾಮಾ ಅಡ್ಡ ಬಂದ.

“ನಾನೇ ರೀ. ನನಗ ತಿಳೀಲಿಲ್ಲ.”

ತಿಳೀಲಿಲ್ಲವಂತೆ! ಯಾರಿಗೆ? ನಮ್ಮ ಮಾಮಾನಿಗೆ! ಹಿರಿಯರಿಗೆ ಸಿಟ್ಟು ನೆತ್ತಿಗೇರಿತು. ತಾಮ್ರ ಎಂದರೇನು, ತೇವ ಎಂದರೇನು, ಬೆರಳಿನ ಬೆವರು ಏನು ಮಾಡುತ್ತದೆ, ಆ ಹಸಿರು ಯಾಕೆ ಕೊಳೆಯಲ್ಲ ಎಂದು ಎಲ್ಲರೆದುರು ಪಾಠ ಹೇಳಿದರು. ಮಾಮಾ ಕೈಕಟ್ಟಿ ನಿಂತು ಒಂದೊಂದು ಮಾತಿಗೂ “ಹೌದ್ರಿ, ಇನ್ನ ಮ್ಯಾಲೆ ಲಕ್ಷ ಇಡ್ತೇನ್ರಿ” ಎನ್ನುತ್ತಿದ್ದ. ಹಿರಿಯರು ಬಿಲ್ಲೆಯನ್ನು ಇಟ್ಟು ಮುಂದಿನ ಮೇಜಿಗೆ ಹೋದರು. ಪುಸ್ತಕದ ಮಾತು ಅಲ್ಲಿಗೆ ಮುಗಿಯಿತು.

ಆ ಪಾಠವನ್ನು ಮಾಮಿ ಜೀವನದಲ್ಲಿ ಮೊದಲ ಸಲ ಕೇಳಿದ್ದಳು. ನಿಂತವಳು ಕುಳಿತುಬಿಟ್ಟಳು. ಎರಡೂ ಕೈ ಸೆರಗಿನಲ್ಲಿ ಮುಚ್ಚಿಕೊಂಡಳು.

“ನಾ ಕೊಂದೆ ಅಲ್ರೀ ಅವನ್ನ?”

“ಏನೂ ಆಗಿಲ್ಲ, ಸುಮ್ಮಿರು,” ಎಂದು ಮಾಮಾ ಆಕೆಯ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತ. ಕೈಗವಸು ಬಿಚ್ಚಿ ಜೇಬಿಗೆ ಹಾಕಿದ. ಆ ಬಿಲ್ಲೆಯನ್ನು ಬರಿಗೈಯಲ್ಲೇ ಎತ್ತಿದ. ಆಕೆಯ ಕೈಯನ್ನು ಸೆರಗಿನೊಳಗಿಂದ ಬಿಡಿಸಿ, ಹುಣಸೆಹಣ್ಣಿನ ಉರಿಗೆ ಕೆಂಪಗಾಗಿದ್ದ ಬೆರಳುಗಳನ್ನು ಒಂದೊಂದಾಗಿ ತೆರೆದು, ಬಿಲ್ಲೆಯನ್ನು ಅಂಗೈ ನಡುವೆ ಇಟ್ಟ.

“ಇಲ್ನೋಡು. ಇದು ಸಿಕ್ಕ ದಿನಾ ನಿನಗ ಬದನಿಕಾಯಿ ತರೋದು ಮರತಿದ್ದೆ...”

ಮಾಮಿ ಕಣ್ಣೊರೆಸಿಕೊಂಡು ಬಗ್ಗಿ ನೋಡಿದಳು. ಅವನು ಚಾಚಾ ಕಲಿಸಿದ್ದ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಹೇಳತೊಡಗಿದ. ಸಂಜೆ ಸಭಾಂಗಣದವರು ದೀಪ ಆರಿಸಲು ಬಂದಾಗ ಅವರಿಬ್ಬರು ಇನ್ನೂ ನಾಣ್ಯಗಳ ಎರಡನೆಯ ಸಾಲಿನಲ್ಲಿದ್ದರು.