ಬೋಕ್‌ಹೀ ಓದಿ ಹೇಳಿದ ಇಂಗ್ಲಿಷು

ತೊಂದರೆಯೆಲ್ಲ ಹತ್ತನೆಯ ಶಬ್ದದಿಂದ ಬಂತು. ಒಂಬತ್ತು ಶಬ್ದಗಳಿಗೆ ವಾಕ್ಯ ಬರೆದು ಬೋಕ್‌ಹೀ ಪೆನ್ನಿನ ಮುಚ್ಚಳ ಹಾಕಿಬಿಟ್ಟಿದ್ದರೆ ಆ ಶನಿವಾರವೂ ಉಳಿದ ಶನಿವಾರಗಳ ಹಾಗೆ ಕಳೆದುಹೋಗುತ್ತಿತ್ತು.

ಪ್ರತಿ ಮಂಗಳವಾರ ಅವಳು ಮಂಡಿನೋವಿಗೆ ಚಿಕಿತ್ಸೆ ಎಂದು ಮನೆಯಲ್ಲಿ ಹೇಳಿ, ತನ್ನೂರು ಜೆಚೊನ್‌ನಿಂದ ಬಸ್ಸು ಹತ್ತಿ ಪಕ್ಕದ ಊರು ಚುಂಗ್ಜುವಿಗೆ ಹೋಗಿ ಇಂಗ್ಲಿಷ್ ಕಲಿಯುತ್ತಿದ್ದಳು. ವಯಸ್ಸು ಐವತ್ತಾರು. ಅವಳ ಶಾಲೆಯ ದಿನಗಳಲ್ಲಿ ಶಬ್ದ ಕಲಿಯುವುದೆಂದರೆ ಒಂದೇ ಶಬ್ದವನ್ನು ಹಾಳೆ ಪೂರ್ತಿ ಕಪ್ಪಾಗುವವರೆಗೆ ಬರೆಯುವುದು. ಹಾಳೆ ಕಪ್ಪಾಗುತ್ತಿತ್ತು, ಬೆರಳು ಕಪ್ಪಾಗುತ್ತಿತ್ತು, ತಲೆ ಮಾತ್ರ ಬೆಳ್ಳಗೆ ಉಳಿಯುತ್ತಿತ್ತು. ಆಗಿನ ಶಬ್ದಪುಸ್ತಕಗಳಲ್ಲೆಲ್ಲ ಮೊದಲ ಶಬ್ದ ‘ಅಬ್ಯಾಂಡನ್’, ಅಂದರೆ ‘ಕೈಬಿಡು’. ಬೋಕ್‌ಹೀ ಪುಸ್ತಕವನ್ನು ಅಷ್ಟು ಸಲ ಹೊಸದಾಗಿ ಶುರುಮಾಡಿದ್ದರಿಂದ ಆ ಒಂದು ಶಬ್ದ ಅವಳಿಗೆ ನಿದ್ದೆಯಲ್ಲೂ ಬರುತ್ತಿತ್ತು.

ಚುಂಗ್ಜುವಿನ ಮೇಡಮ್ಮು ಮಗಳಷ್ಟು ಚಿಕ್ಕವಳು. ಶಬ್ದವನ್ನು ಒಂಟಿಯಾಗಿ ಬಿಡಬೇಡಿ, ಅದಕ್ಕೊಂದು ವಾಕ್ಯ ಕೊಡಿ, ವಾಕ್ಯಕ್ಕೊಂದು ಸಂದರ್ಭ ಕೊಡಿ, ಸಂದರ್ಭ ನಿಮ್ಮ ಮನೆಯದೇ ಆಗಿದ್ದರೆ ಶಬ್ದ ಮನೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂದು ಅವಳು ಹೇಳಿದ್ದಳು. ಬೋಕ್‌ಹೀ ಅದನ್ನು ಅಕ್ಷರಶಃ ಪಾಲಿಸಿದಳು. ‘ಜಿಪುಣ’ ಎಂಬ ಶಬ್ದಕ್ಕೆ ಮಹಿಳಾ ಮಂಡಳಿಯ ಅಧ್ಯಕ್ಷೆ ಮ್ಯಾಂಗ್ ಬಂದರು. ‘ಅಸೂಯೆ’ಗೆ ಮೂರನೇ ಮಹಡಿಯ ಜುನ್ಹಾ ಅಮ್ಮ ಬಂದಳು. ‘ನಿರುಪಯುಕ್ತ’ಕ್ಕೆ ಬಹಳ ಯೋಚಿಸಬೇಕಾಗಲಿಲ್ಲ, ಗಂಡ ಎದುರಿಗೇ ಸೋಫಾದ ಮೇಲೆ ಮಲಗಿದ್ದ. ಹತ್ತನೆಯ ಶಬ್ದದ ಅರ್ಥ ‘ನಟಿಸು’ ಎಂದಿತ್ತು. ಬೋಕ್‌ಹೀ ಒಂದು ಗಳಿಗೆ ತಡೆದು ಬರೆದಳು: ನನಗೆ ಇಂಗ್ಲಿಷ್ ಬರುತ್ತದೆ ಎಂದು ಹನ್ನೊಂದು ವರ್ಷದಿಂದ ನಟಿಸುತ್ತಿದ್ದೇನೆ.

ಅದು ನಿಜ. ಈ ಕಟ್ಟಡಕ್ಕೆ ಬಂದ ವಾರವೇ ಅವಳ ಗಂಡ, ನನ್ನ ಹೆಂಡತಿ ಮದುವೆಗೆ ಮೊದಲು ಅಮೆರಿಕದ ಸೈನ್ಯದ ಶಿಬಿರದಲ್ಲಿ ಕೆಲಸದಲ್ಲಿದ್ದಳು ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿದ. ಅವಳು ಅಲ್ಲಿ ಮೂರು ತಿಂಗಳು ಅಂಗಿಗಳಿಗೆ ಇಸ್ತ್ರಿ ಹಾಕಿದ್ದಳು ಎಂಬುದನ್ನು ಹೇಳಲಿಲ್ಲ. ಹೇಳಿ ಹೇಳಿ ಈಗ ಅವನೂ ಅದನ್ನು ನಂಬಿದ್ದ. ಅಂದಿನಿಂದ ವಿದೇಶಿ ಗುಳಿಗೆಯ ಡಬ್ಬಿ, ಮುಖಕ್ಕೆ ಹಚ್ಚುವ ಕ್ರೀಮು, ಯಾರದೋ ಅಳಿಯ ಕಳಿಸಿದ ಯಂತ್ರವನ್ನು ಬಳಸುವ ವಿವರದ ಕಾಗದ ಎಲ್ಲವೂ ಅವಳ ಬಾಗಿಲಿಗೆ ಬರುತ್ತಿದ್ದವು. ಅವಳು “ನಾಳೆ ಓದಿ ಹೇಳ್ತೀನಿ” ಎಂದು ಒಳಗಿಟ್ಟುಕೊಂಡು, ರಾಜಧಾನಿ ಸೋಲ್‌ನಲ್ಲಿರುವ ಮಗಳು ಸೆಬಿಗೆ ಗುಟ್ಟಾಗಿ ಫೋನು ಮಾಡುತ್ತಿದ್ದಳು. ಈ ವರ್ಷ ಸೆಬಿ ಸಾಕಾಗಿ, ಅಮ್ಮಾ ನೀನೇ ಕಲಿತುಕೋ ಅಂದುಬಿಟ್ಟಳು.

ಶನಿವಾರ ಕಟ್ಟಡದ ಹೆಂಗಸರೆಲ್ಲ ಸೇರಿ ಚಳಿಗಾಲಕ್ಕೆಂದು ಎಲೆಕೋಸಿನ ಉಪ್ಪಿನಕಾಯಿ, ಕಿಮ್ಚಿ, ಹಾಕುವ ದಿನ. ಬೆಳಿಗ್ಗೆ ಏಪ್ರನ್ನು ಕಟ್ಟಿಕೊಳ್ಳುವಾಗ ಬೋಕ್‌ಹೀಗೆ ನೆನಪಾಯಿತು. ವಾಕ್ಯಗಳನ್ನು ಬರೆದ ಹಸಿರು ರಟ್ಟಿನ ನೋಟುಬುಕ್ಕು ಎಲ್ಲಿ? ಹಿಂದಿನ ಸಂಜೆ ಹತ್ತನೆಯ ವಾಕ್ಯ ಮುಗಿಸುತ್ತಿರುವಾಗಲೇ ಗಂಡ ಸೋಫಾದಿಂದ ಇದ್ದಕ್ಕಿದ್ದಂತೆ ಎದ್ದಾಗ ಅವಸರದಲ್ಲಿ ಎಲ್ಲೋ ಬಚ್ಚಿಟ್ಟಿದ್ದಳು. ಎಷ್ಟು ಚೆನ್ನಾಗಿ ಬಚ್ಚಿಟ್ಟಿದ್ದಳೆಂದರೆ ಅವಳಿಗೇ ಸಿಗಲಿಲ್ಲ. ಹಾಸಿಗೆಯ ಕಪಾಟು, ಶೂ ಇಡುವ ಗೂಡು, ಕಿಮ್ಚಿ ಫ್ರಿಜ್ಜಿನ ಹಿಂದೆ, ಎಲ್ಲೂ ಇಲ್ಲ. ಕೆಳಗಿನಿಂದ ಕರೆ ಬಂತು. ಓದುವ ಕನ್ನಡಕವನ್ನೂ ಮೇಲೆಯೇ ಬಿಟ್ಟು ಇಳಿದುಹೋದಳು.

ಅಂಗಳದಲ್ಲಿ ನೀಲಿ ಟಾರ್ಪಾಲಿನ್ ಹಾಸಿ, ಉಪ್ಪಿನಲ್ಲಿ ನೆನೆದ ಇನ್ನೂರು ಎಲೆಕೋಸುಗಳನ್ನು ರಾಶಿ ಹಾಕಿದ್ದರು. ಎಂಟು ಜನ ಹೆಂಗಸರು ಮೊಣಕೈವರೆಗೆ ರಬ್ಬರ್ ಕೈಗವಸು ಹಾಕಿಕೊಂಡು, ಕೋಸಿನ ಒಂದೊಂದೇ ಎಲೆ ಎತ್ತಿ ಕೆಂಪು ಮಸಾಲೆ ಬಳಿಯುತ್ತಿದ್ದರು. ಅಧ್ಯಕ್ಷರ ಕೈಗೆ ಮಾತ್ರ ಗವಸು ಇರಲಿಲ್ಲ. ಅವರು ಮೇಲುಸ್ತುವಾರಿ ನೋಡಿಕೊಳ್ಳುತ್ತಿದ್ದರು. ಸೀಗಡಿಯ ಉಪ್ಪು ಜಾಸ್ತಿಯಾಯಿತೋ ಕಡಿಮೆಯಾಯಿತೋ ಎಂಬ ವಾದ ಮುಗಿದ ಮೇಲೆ ಅವರು ಕೆಮ್ಮಿ, ಏಪ್ರನ್ನಿನ ಜೇಬಿನಿಂದ ಹಸಿರು ರಟ್ಟಿನ ನೋಟುಬುಕ್ಕೊಂದನ್ನು ತೆಗೆದರು.

“ಸೆಬಿ ಅಮ್ಮಾ, ಇದು ಮೆಟ್ಟಿಲ ಹತ್ರ ಸಿಕ್ತು. ಪೂರ್ತಿ ಇಂಗ್ಲಿಷು. ಒಂದೆರಡು ಪುಟ ಓದಿ ನೋಡು, ಸರಿಯಾಗಿದೆಯಾ ಅಂತ. ಅಂದ್ರೆ, ಯಾರದು ಅಂತ ಗೊತ್ತಾಗುತ್ತೆ.”

ಬೋಕ್‌ಹೀಯ ಕೈಯಲ್ಲಿದ್ದ ಕೋಸು ಟಬ್ಬಿಗೆ ಬಿತ್ತು.

ಜುನ್ಹಾ ಅಮ್ಮನಿಗೆ ಎಲ್ಲದರಲ್ಲೂ ಅವಸರ. ಓದುವುದಕ್ಕೆ ಮನುಷ್ಯರೇ ಯಾಕೆ ಬೇಕು, ನನ್ನ ಫೋನು ತೆಗೆದು ಅದರ ಮೇಲೆ ಹಿಡಿಯಿರಿ ಎಂದಳು. ಅಧ್ಯಕ್ಷರು ಒಲ್ಲದ ಮನಸ್ಸಿನಿಂದ ಹಿಡಿದರು. ಕೈಬರಹವನ್ನು ನೋಡಿ ಫೋನು ಬಹಳ ಹೊತ್ತು ಚಿಂತಿಸಿ, ‘ನನ್ನ ನಾಯಿ ಮಂತ್ರಿ’ ಎಂದಿತು. ಹೆಂಗಸರು ಬಿದ್ದು ಬಿದ್ದು ನಕ್ಕರು. ಯಂತ್ರದ ಮಾತು ಬಿಡು, ನಮ್ಮ ಸೆಬಿ ಅಮ್ಮ ಇರುವಾಗ ಎಂದು ಎಲ್ಲರೂ ಬೋಕ್‌ಹೀಯ ಕಡೆ ತಿರುಗಿದರು.

ಅಧ್ಯಕ್ಷರು ಪುಸ್ತಕವನ್ನು ಅವಳ ಮುಖದ ಮುಂದೆ ತೆರೆದು ಹಿಡಿದರು. ಕನ್ನಡಕವಿಲ್ಲದ ಕಣ್ಣಿಗೆ ಬಿಸಿಲಿಗೆ ಹರವಿದ ಅವರೆಕಾಳಿನ ಸಾಲುಗಳು ಕಂಡವು. ಓದಬೇಕಾಗಿಯೂ ಇರಲಿಲ್ಲ. ಅದರಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿತ್ತು. ಪುಸ್ತಕ ಹಿಡಿದಿರುವವರೇ ಜಿಪುಣಿ, ಎದುರಿಗೆ ಕೂತವಳೇ ಅಸೂಯೆಯವಳು, ಕೊನೆಯ ಸಾಲಿನಲ್ಲಿ ತಾನು. ಇಲ್ಲಿ ಅದು ಹೊರಬಿದ್ದರೆ ಹನ್ನೊಂದು ವರ್ಷದ ಮರ್ಯಾದೆ ಈ ಟಾರ್ಪಾಲಿನ್ ಮೇಲೆಯೇ ಮುಗಿದುಹೋಗುತ್ತದೆ.

“ಇವತ್ತು ಚಳಿ ಇದೆ,” ಎಂದಳು.

“ಅಷ್ಟು ಉದ್ದದ ಸಾಲಿಗೆ ಅಷ್ಟೇನಾ?” ಎಂದಳು ಜುನ್ಹಾ ಅಮ್ಮ.

ಬೋಕ್‌ಹೀ ಇನ್ನೂ ಏನಾದರೂ ಹೇಳಬೇಕಿತ್ತು, ಹೇಳಿದ್ದು ಯಾರಿಗೂ ತಾಗಬಾರದು. ತಾಗದೆ ಇರುವಂಥದ್ದು ಎಂದರೆ ತನ್ನದು ಮಾತ್ರ. ಬಾಯಿ ತಾನಾಗಿ ತೆರೆಯಿತು.

“ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೋಣೆ ಇದೆ. ನನ್ನ ಸಾಮಾನು ಮಾತ್ರ ಕಿಮ್ಚಿ ಫ್ರಿಜ್ಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಇದೆ.”

ಯಾರೋ “ಅಯ್ಯೋ” ಎಂದರು. ಮಸಾಲೆ ಬಳಿಯುವ ಕೈಗಳು ನಿಧಾನವಾದವು. ಅಧ್ಯಕ್ಷರು ವಿಚಿತ್ರವಾಗಿ ನೋಡುತ್ತ ಪುಟ ತಿರುಗಿಸಿದರು.

“ಎಲ್ಲರಿಗೂ ನಾನು ಮಕ್ಕಳ ಅಮ್ಮ ಅಷ್ಟೇ. ನನ್ನನ್ನು ಹೆಸರು ಹಿಡಿದು ಕರೆಯುವವಳು ಆಸ್ಪತ್ರೆಯ ನರ್ಸು ಒಬ್ಬಳೇ. ನನ್ನ ಸರದಿ ಬಂದಾಗ ಪೂರ್ತಿ ಹೆಸರು ಕೂಗುತ್ತಾಳೆ. ಅದನ್ನು ಕೇಳುವುದಕ್ಕೆ ಕೆಲವು ಸಲ ಕಾಯಿಲೆ ಇಲ್ಲದಿದ್ದರೂ ಹೋಗಬೇಕು ಅನಿಸುತ್ತದೆ. ಇದನ್ನೆಲ್ಲ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೇನೆ, ಮನೆಯವರಿಗೆ ಓದಲು ಬರುವುದಿಲ್ಲ ಎಂಬ ಧೈರ್ಯದಿಂದ.”

ಹೀಗೆ ಮೂರು ಪುಟ. ಮುಗಿದಾಗ ಖಾರದ ಕೈಯಲ್ಲಿ ಕಣ್ಣು ಒರೆಸಲಾಗದೆ ಹೆಂಗಸರು ಭುಜಕ್ಕೆ ಮುಖ ಉಜ್ಜಿಕೊಳ್ಳುತ್ತಿದ್ದರು. ಮೊದಲು ಬಾಯಿಬಿಟ್ಟವಳು ಜುನ್ಹಾ ಅಮ್ಮ. ನನ್ನ ಹೆಸರು ಮಾಲ್‌ಜಾ, ಹೆಣ್ಣು ಇನ್ನು ಸಾಕು ಎಂದು ಇಟ್ಟ ಹೆಸರು, ಯಾರೂ ಕರೆಯದಿದ್ದರೆ ಒಳ್ಳೆಯದೇ ಎಂದುಕೊಂಡಿದ್ದೆ ಎಂದಳು. ಪಕ್ಕದವಳು ತನ್ನ ಹೆಸರು ಹೇಳಿದಳು. ಅದರ ಪಕ್ಕದವಳೂ ಹೇಳಿದಳು. ವರ್ಷಾನುಗಟ್ಟಲೆ ಒಂದೇ ಟಬ್ಬಿನ ಸುತ್ತ ಕೂತವರು ಹೊಸದಾಗಿ ಭೇಟಿಯಾದವರ ಹಾಗೆ ತಲೆಬಾಗಿ ನಮಸ್ಕಾರ ಮಾಡಿಕೊಂಡರು. ಬೋಕ್‌ಹೀ ಗಂಡಾಂತರ ಕಳೆಯಿತು ಎಂದುಕೊಂಡಳು.

ಆದರೆ ಮಾಲ್‌ಜಾಳ ತಲೆ ಓಡುತ್ತಲೇ ಇತ್ತು. “ಇದನ್ನ ಬರೆದವಳು ನಮ್ಮಲ್ಲೇ ಒಬ್ಬಳು,” ಎಂದಳು. “ನಮ್ಮಲ್ಲಿ ಇಂಗ್ಲಿಷ್ ಬರೆಯೋಕೆ ಬರೋದು ಯಾರಿಗೆ?”

ಏಳು ಮುಖಗಳು ಸೂರ್ಯಕಾಂತಿಯ ಹಾಗೆ ಒಂದೇ ಕಡೆ ತಿರುಗಿದವು.

ನನ್ನದಲ್ಲ ಎನ್ನಬೇಕಾದರೆ ನನಗೆ ಇಂಗ್ಲಿಷ್ ಬರೆಯಲು ಬರುವುದಿಲ್ಲ ಎಂದೂ ಹೇಳಬೇಕಿತ್ತು. ಬೋಕ್‌ಹೀ ತಲೆತಗ್ಗಿಸಿದಳು. ಅಷ್ಟೇ ಸಾಕಾಯಿತು. ಒಬ್ಬಳು ಬೇಯಿಸಿದ ಹಂದಿಮಾಂಸದ ತುಂಡನ್ನು ಹೊಸ ಕೋಸಿನ ಎಲೆಯಲ್ಲಿ ಸುತ್ತಿ ಅವಳ ಬಾಯಿಗಿಟ್ಟಳು. ಅದು ಇಳಿಯುವ ಮೊದಲೇ ಇನ್ನೊಬ್ಬಳು ಇಟ್ಟಳು. ಏಳು ಜನರ ಕನಿಕರ ಬಾಯಿತುಂಬ ತುಂಬಿಕೊಂಡು, ನಿಜ ಹೇಳಬೇಕೆಂದರೂ ಜಾಗವಿರಲಿಲ್ಲ.

ಅಷ್ಟರಲ್ಲಿ ಮಾಲ್‌ಜಾ ಎದ್ದು ಹೊರಟಿದ್ದಳು. ಬೋಕ್‌ಹೀಯ ಗಂಡ ಗೇಟಿನ ಬಳಿ ಕಾವಲುಗಾರನ ಜೊತೆ ಚದುರಂಗ ಆಡುತ್ತಿದ್ದ. ಮೊಣಕೈವರೆಗೆ ಕೆಂಪಾದ ಗವಸಿನಲ್ಲಿ, ಆಗಷ್ಟೇ ಕೊಲೆ ಮುಗಿಸಿ ಬಂದವಳ ಹಾಗೆ ಅವಳು ಎದುರಿಗೆ ನಿಂತಾಗ ಅವನ ಕೈಯಿಂದ ಆನೆ ಜಾರಿ ಬಿತ್ತು. ಹೆಂಡತಿಗೆ ಒಂದು ಕಪಾಟೂ ಕೊಡದವನು ಎಂದು ಶುರುವಾದ ಮಾತು, ಆಕೆಯ ಹೆಸರಾದರೂ ನೆನಪಿದೆಯೇ ಎಂಬಲ್ಲಿಗೆ ಮುಟ್ಟಿತು. ಅವನು ಕಾವಲುಗಾರನ ಮುಖ ನೋಡಿದ. ಕಾವಲುಗಾರ ತನಗೂ ಹೆಂಡತಿ ಇರುವುದು ನೆನಪಾಗಿ ಚದುರಂಗದ ಕಾಯಿಗಳನ್ನು ಎತ್ತಿಡತೊಡಗಿದ.

ಸಂಜೆ ಬೋಕ್‌ಹೀ ತನ್ನ ಪಾಲಿನ ಕಿಮ್ಚಿ ಡಬ್ಬಗಳನ್ನು ಹೊತ್ತು ಮನೆಗೆ ಬಂದಾಗ ಗಂಡ ಸೋಫಾದ ಮೇಲೆ ಮಲಗಿರಲಿಲ್ಲ, ನೆಟ್ಟಗೆ ಕೂತಿದ್ದ. ಅಲುಗಾಡುವ ಹಲ್ಲನ್ನು ನಾಲಗೆಯಿಂದ ಮುಟ್ಟಿ ನೋಡುವವನ ಹಾಗೆ “ಬೋ... ಬೋಕ್‌ಹೀ” ಎಂದ. ಮೂವತ್ತು ವರ್ಷದಲ್ಲಿ ಅದು ಮೊದಲು. ಇಬ್ಬರಿಗೂ ನಾಚಿಕೆಯಾಯಿತು. ಅವನಿಗೆ ನಾಚಿಕೆಯ ಬೆನ್ನಿಗೇ ಸಿಟ್ಟೂ ಬಂತು. ಊರಿಗೆಲ್ಲ ನಿನ್ನ ಇಂಗ್ಲಿಷಿನ ಕೀರ್ತಿ ಸಾರಿದವನು ನಾನು, ಅದೇ ಇಂಗ್ಲಿಷಿನಲ್ಲಿ ನನ್ನ ಮಾನ ತೆಗೆದೆಯಲ್ಲ ಎಂದು ಹೇಳಿ ಬಾಲ್ಕನಿಗೆ ಹೋಗಿ ಬೆನ್ನು ತಿರುಗಿಸಿ ನಿಂತ.

ಬೋಕ್‌ಹೀ ಅನ್ನಕ್ಕಿಡಲು ಅಕ್ಕಿಯ ಡಬ್ಬಿಗೆ ಪಾವು ಇಳಿಸಿದಳು. ಏನೋ ಗಟ್ಟಿಯಾಗಿ ತಾಗಿತು. ಕೈಹಾಕಿ ಎಳೆದಳು. ಹಸಿರು ರಟ್ಟಿನ ನೋಟುಬುಕ್ಕು. ಕನ್ನಡಕ ಹಾಕಿಕೊಂಡು ತೆರೆದಳು. ಜಿಪುಣಿ, ಅಸೂಯೆ, ನಿರುಪಯುಕ್ತ, ಎಲ್ಲವೂ ಸಾಲಾಗಿ, ಸುರಕ್ಷಿತವಾಗಿ, ಅಕ್ಕಿಹಿಟ್ಟು ಬಳಿದುಕೊಂಡು ಕೂತಿದ್ದವು. ಶಾಲೆಯ ಎದುರಿನ ಅಂಗಡಿ ಮುಚ್ಚುವಾಗ ಅಗ್ಗಕ್ಕೆ ಸಿಕ್ಕಿತೆಂದು ಅರ್ಧ ಬೀದಿಯೇ ಇಂಥ ಹಸಿರು ಪುಸ್ತಕ ತಂದಿತ್ತು ಎಂಬುದು ಅವಳಿಗೆ ಈಗ ಹೊಳೆಯಿತು. ಹಾಗಾದರೆ ಬೆಳಿಗ್ಗೆ ತಾನು ಓದಿದ್ದು ಯಾರದು?

ಬಾಗಿಲ ಗಂಟೆ ಬಡಿಯಿತು. ಅಧ್ಯಕ್ಷೆ ಮ್ಯಾಂಗ್ ನಿಂತಿದ್ದರು. ಒಳಗೆ ಬಂದು ಬಾಲ್ಕನಿಯ ಬಾಗಿಲು ಮುಚ್ಚಿದೆಯೇ ಎಂದು ನೋಡಿ, ಅಡುಗೆಮನೆಯ ನೆಲದ ಮೇಲೆ ಕೂತು, ಜೇಬಿನಿಂದ ತಮ್ಮ ಹಸಿರು ಪುಸ್ತಕ ತೆಗೆದಿಟ್ಟರು.

“ಇದು ನಂದು,” ಎಂದರು. “ಚರ್ಚಿನ ನೆಲಮಾಳಿಗೆಯಲ್ಲಿ ಇಂಗ್ಲಿಷ್ ಹೇಳಿಕೊಡ್ತಾರೆ. ಎರಡು ತಿಂಗಳಾಯ್ತು. ಸೋಮವಾರ ಪರೀಕ್ಷೆ. ಬಂದು ಕೇಳೋಕೆ ನಾಚಿಕೆ ಆಯ್ತು, ಅದಕ್ಕೇ ಸಿಕ್ಕಿದ್ದು ಅಂತ ಹೇಳ್ದೆ. ತಪ್ಪು ಇದ್ರೆ ನೀನು ಹೇಳ್ತೀಯ ಅಂದ್ಕೊಂಡೆ.”

ಬೋಕ್‌ಹೀ ಪಾವನ್ನು ಎದೆಗೆ ಹಿಡಿದುಕೊಂಡು ನಿಂತಳು.

“ಮೊದಲನೇ ಪುಟದಲ್ಲಿ ನನ್ನ ನಾಯಿಗೆ ಮಲಬದ್ಧತೆ ಅಂತ ಬರೆದಿದ್ದೆ. ಎರಡನೇದ್ರಲ್ಲಿ ಕೋಸಿನ ಬೆಲೆ. ಮೂರನೇದು ಬಸ್ ನಿಲ್ದಾಣಕ್ಕೆ ದಾರಿ. ಎಡಕ್ಕೆ ತಿರುಗಿ, ನೇರ ಹೋಗಿ ಅಂತ ಬರೆದ ಜಾಗದಲ್ಲಿ ನೀನು ಆ ನರ್ಸಿನ ಮಾತು ಓದಿದೆ. ಬರೆದವಳು ನಾನು, ಆದ್ರೂ ಅಳು ತಡೆಯೋಕಾಗಲಿಲ್ಲ.”

“ಎಲ್ಲರಿಗೂ ಹೇಳಿಬಿಡ್ತೀರಾ ಅಕ್ಕಾ?”

ಅಧ್ಯಕ್ಷರು ಇಲ್ಲವೆಂದು ತಲೆಯಾಡಿಸಿದರು. ಹೇಳಿದರೆ ಪುಸ್ತಕ ತಮ್ಮದೆಂದೂ ಹೇಳಬೇಕು, ಅರವತ್ತಮೂರರ ಹೆಂಗಸು ನಾಯಿಯ ಹೊಟ್ಟೆಯ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುತ್ತಾಳೆ ಎಂದು ಮಾಲ್‌ಜಾ ಮೂರು ಬ್ಲಾಕಿಗೂ ಸಾರುತ್ತಾಳೆ, ಅದು ತಮಗೂ ಬೇಡ ಎಂದರು. ಬೋಕ್‌ಹೀ ಪಾವನ್ನು ಕೆಳಗಿಟ್ಟಳು. ಆದರೆ ಅವರು ಏಳಲಿಲ್ಲ.

“ಮುಂದಿನ ಶನಿವಾರ ಮೂಲಂಗಿ ಕಿಮ್ಚಿ ಇದೆ. ಉಳಿದದ್ದನ್ನೂ ಕೇಳಬೇಕು ಅಂತ ಹೆಂಗಸರು ಹಟ ಹಿಡಿದಿದ್ದಾರೆ. ಎರಡನೇ ಬ್ಲಾಕಿನವರೂ ಬರ್ತಾರಂತೆ. ಪುಸ್ತಕ ನಾನು ಹಿಡ್ಕೋತೀನಿ, ನೀನು ಓದು.”

“ನನ್ನ ಹತ್ರ ಇನ್ನೇನೂ ಇಲ್ಲ ಅಕ್ಕಾ.”

“ನನ್ನ ಹತ್ರ ಇದೆ,” ಎಂದರು ಅಧ್ಯಕ್ಷರು. ದನಿ ಇಳಿದಿತ್ತು. “ನಮ್ಮತ್ತೆ ವಿಷಯ. ಮೂವತ್ತೆಂಟು ವರ್ಷದಿಂದ ಯಾರ ಹತ್ರಾನೂ ಹೇಳಿಲ್ಲ. ಈಗ ಹೇಳ್ತೀನಿ, ಕೇಳ್ಕೋ. ಶನಿವಾರ ನಿಮ್ಮ ಮನೇದೇ ಅನ್ನೋ ಹಾಗೆ ಓದಿಬಿಡು.”

ಬೋಕ್‌ಹೀ ಗಾಬರಿಯಾದಳು. ನಿಮ್ಮತ್ತೆ ತೀರಿಕೊಂಡಿದ್ದಾರೆ, ನಮ್ಮತ್ತೆ ಗಟ್ಟಿಮುಟ್ಟಾಗಿದ್ದಾರೆ, ಶನಿವಾರ ಮೂಲಂಗಿ ಹೆಚ್ಚುವುದಕ್ಕೆ ಊರಿಂದ ಅವರೇ ಬರುತ್ತಿದ್ದಾರೆ, ನನ್ನ ಪಕ್ಕದಲ್ಲೇ ಕೂರುತ್ತಾರೆ ಎಂದು ಒಂದೇ ಉಸಿರಿಗೆ ಹೇಳಿದಳು.

ನಿಧಾನವಾಗಿ ಅಧ್ಯಕ್ಷರ ಮುಖ ಅರಳಿತು.

“ಒಳ್ಳೇದೇ ಆಯ್ತು,” ಎಂದರು. “ಅವರ ಎದುರಿಗೇ ಓದು. ನನಗೆ ನಮ್ಮತ್ತೆ ಎದುರಿಗೆ ಹೇಳೋಕೆ ಆಗಲೇ ಇಲ್ಲ.”