ವಿಮಾನದ ಬಾಲ ಮತ್ತು ನನ್ನ ಪರಿಚಯ ಭಾಷಣ

ಪರಿಚಯ ಭಾಷಣ ಮಾಡುವವನಿಗೆ ಮೈಕು ಹಿಡಿದ ಸ್ವಲ್ಪ ಹೊತ್ತಿಗೆಲ್ಲ, ಪರಿಚಯಿಸಬೇಕಾದವರು ಪಕ್ಕದಲ್ಲೇ ಕೂತಿದ್ದಾರೆಂಬುದು ಮರೆತುಹೋಗುತ್ತದೆ. ಮಾಟುಂಗದ ನಮ್ಮ ಕನ್ನಡ ಸಂಘದಲ್ಲಿ ಈ ಮರೆವಿಗೆ ನಾನು ಹೆಸರುವಾಸಿ. ಆದರೂ ಕಳೆದ ಭಾನುವಾರ ಸಂಘ ಸನ್ಮಾನಕ್ಕೆ ಕರೆದಿದ್ದ ಅಕ್ಕನ ಮಗಳು ಸ್ನೇಹಾಳನ್ನು ಪರಿಚಯಿಸುವ ಕೆಲಸ ನನಗೇ ಬಂತು. ಸೋದರಮಾವ ಎದುರಿಗಿರುವಾಗ ಬೇರೆಯವರು ಎದ್ದರೆ ಚೆನ್ನಾಗಿರುವುದಿಲ್ಲವಂತೆ.

ಸ್ನೇಹಾ ಚೆಂಬೂರಿನಲ್ಲೇ ಹುಟ್ಟಿ ಬೆಳೆದವಳು. ಈಗ ವಿಮಾನದ ಬಾಲದ ಮೇಲೆ ಸಂಶೋಧನೆ ಮಾಡುತ್ತಾಳೆ. ಅಕ್ಕನಿಗೆ ಕನ್ನಡ ಬಿಟ್ಟರೆ ತರಕಾರಿ ಕೊಳ್ಳುವಷ್ಟು ಮರಾಠಿ. ಮಗಳು ದಿನವಿಡೀ ಏನು ಮಾಡುತ್ತಾಳೆಂದು ಅವಳಿಗೆ ತಿಳಿಯುವಂತೆ ಯಾರೂ ಹೇಳಿರಲಿಲ್ಲ. ಅಮ್ಮನಿಗೆ ತಾನೇ ಹೇಳಬೇಕೆಂದು ಹುಡುಗಿ ಕಷ್ಟಪಟ್ಟು ಕನ್ನಡದಲ್ಲಿ ಭಾಷಣ ಕಲಿತು, ನನ್ನ ಸಾಂತಾಕ್ರೂಜ್ ಮನೆಗೆ ಬಂದು ಒಪ್ಪಿಸಿಯೂ ಇದ್ದಳು.

“ಮಾಮಾ, ಬಾಲದ ಹಿಂದಿನ ಪಟ್ಟಿ ಜಾಸ್ತಿ ತಿರುಗಿಸಿದ್ರ ಗಾಳಿ ಅದನ್ನ ಬಿಟ್ಟು ಹೋಗ್ತದ. ಆಗ ಸಣ್ಣ ಸಣ್ಣ ತೂತಿನಿಂದ ಗಾಳಿ ಊದಬೇಕು, ಫಿರ್ ಅಂಟ್ಕೋತದ. ಬಾಲ ಸಣ್ಣದಿದ್ರೂ ಚಲ್ತಾ ಹೈ. ವಿಮಾನ ಹಗುರ, ಇಂಧನ ಉಳೀತದ. ಬರೋಬರಿ ಹೇಳಿದ್ನಿಲ್ಲೋ?”

“ಏಕದಂ ಬರೋಬರಿ” ಎಂದೆ. ಕೇಳಿಸಿಕೊಂಡದ್ದು ಅರ್ಧ, ಉಳಿದರ್ಧ ಹೊತ್ತು ನನ್ನ ಭಾಷಣ ಯೋಚಿಸುತ್ತಿದ್ದೆ.

ಭಾನುವಾರ ನಾನು ಅವಳ ತೊಟ್ಟಿಲಿನಿಂದ ಶುರುಮಾಡಿದೆ. ಅವಳು ಅಂಬೆಗಾಲಿಟ್ಟದ್ದು, ಅವಳ ಜ್ವರಕ್ಕೆ ನಾನು ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಔಷಧಿ ತಂದದ್ದು, ದಾರಿಯಲ್ಲಿ ನನ್ನ ಚಪ್ಪಲಿ ಬಿದ್ದುಹೋದದ್ದು. ಕಾರ್ಯದರ್ಶಿಗಳು ಕೈಗಡಿಯಾರ ತೋರಿಸಿದರು. ಹೊಸ ಗಡಿಯಾರ ಕೊಂಡಿರಬೇಕೆಂದು ಮೆಚ್ಚಿ ತಲೆಯಾಡಿಸಿದೆ. ಕೊನೆಗೆ ಹುರುಪೇರಿ ಅವಳ ವಿಷಯವನ್ನೂ ನಾನೇ ಹೇಳಿಬಿಟ್ಟೆ: “ನಮ್ಮ ಹುಡುಗಿ ವಿಮಾನದ ಬಾಲಕ್ಕೆ ಫ್ಯಾನು ಕೂಡಿಸ್ತಾಳ!” ಚಪ್ಪಾಳೆಯೋ ಚಪ್ಪಾಳೆ. ಅಷ್ಟರಲ್ಲಿ ನಮಗೆ ಕೊಟ್ಟ ಹೊತ್ತು ಮುಗಿದು, ಸಂಜೆಯ ಮದುವೆ ರಿಸೆಪ್ಷನ್ನಿನವರು ಹೂವಿನ ಬುಟ್ಟಿ ಹೊತ್ತು ಹಾಲ್‌ನೊಳಗೇ ಬಂದುಬಿಟ್ಟರು. ಸ್ನೇಹಾ ಶಾಲು ಹೊದಿಸಿಕೊಂಡು, “ನಮಸ್ಕಾರ, ಥ್ಯಾಂಕ್ಯೂ” ಎಂದಷ್ಟೇ ಹೇಳಿ ಕೆಳಗಿಳಿದಳು.

ಸ್ಟೇಷನ್ನಿಗೆ ನಡೆಯುವಾಗ ಅಕ್ಕ ನನ್ನ ಕೈ ಹಿಡಿದುಕೊಂಡಳು. “ತಮ್ಮಾ, ನೀ ಹೇಳಿದ್ದಕ್ಕ ತಿಳೀತು ನೋಡು. ಹಿಂದಿನ ಸೀಟಿನ ಮಂದಿಗೆ ಸೆಕಿ ಆಗ್ತಿರಬೇಕು, ಪಾಪ. ನನ್ನ ಮಗಳು ಪುಣ್ಯದ ಕೆಲಸ ಮಾಡ್ತಾಳ.”

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. “ನೀನೇ ಹೇಳವಾ ಈಗ” ಎಂದೆ ಸ್ನೇಹಾಳಿಗೆ, ಮೆಲ್ಲಗೆ.

“ರೆಹನೆ ದೋ ಮಾಮಾ, ಇರ್ಲಿ ಬಿಡು. ಎಷ್ಟ್ ಖುಷಿ ಅದಾಳ” ಎಂದು ಅವಳು ಮುಖ ಆ ಕಡೆ ತಿರುಗಿಸಿದಳು.

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಅಕ್ಕ, ಪಕ್ಕದ ಅಪರಿಚಿತ ಹೆಂಗಸಿಗೆ ಮಗಳ ಫ್ಯಾನಿನ ಮಹಿಮೆಯನ್ನು ತನ್ನ ತರಕಾರಿ ಮರಾಠಿಯಲ್ಲೇ ಬಣ್ಣಿಸತೊಡಗಿದಳು. ನಾನು ಬಾಯಿ ತೆರೆಯಲೇಬೇಕಾಗಿದ್ದ ಹೊತ್ತು ಅದೊಂದೇ. ನೋಡಿ, ಆಗ ನನಗೆ ಒಂದು ಮಾತೂ ಹೊರಡಲಿಲ್ಲ.